ಗೋಡೆ ನೆಕ್ಕುವ ಹಸುವಿಗೆ ಏನು ಕೊಡಬೇಕು? ದನ, ಕುರಿ, ಕೋಳಿಯ ಉಪ್ಪು–ಖನಿಜದ ಲೆಕ್ಕ

ನಮ್ಮ ಕೊಟ್ಟಿಗೆಯ ಹಿಂದಿನ ಗೋಡೆಯಲ್ಲಿ ಒಂದು ಗುಳಿ ಇದೆ. ದನದ ಮೂತಿಯ ಎತ್ತರಕ್ಕೆ, ಊಟದ ತಟ್ಟೆಯಷ್ಟು ಅಗಲ. ನನ್ನ ಮೊದಲ ಸೀಮೆ ಹಸು ಎರಡು ವರ್ಷ ನೆಕ್ಕಿ ನೆಕ್ಕಿ ಮಾಡಿದ ಗುಳಿ ಅದು. ಮಣ್ಣಿನ ಗೋಡೆ, ಮೇಲೆ ಸುಣ್ಣ. "ಅದಕ್ಕೆ ಚಟ" ಅಂತ ಮನೆಯವರೆಲ್ಲ ನಗುತ್ತಿದ್ದೆವು. ಆಮೇಲೆ ಹಗ್ಗ ಅಗಿಯಲು ಶುರು ಮಾಡಿತು. ಒಂದು ದಿನ ಒಣಗಲು ಹಾಕಿದ್ದ ಟವೆಲ್ ಅರ್ಧ ಅದರ ಬಾಯೊಳಗಿತ್ತು. ಬೆದೆಗೆ ಬಂದರೂ ಗಬ್ಬ ನಿಲ್ಲುತ್ತಿರಲಿಲ್ಲ. ಇವೆಲ್ಲ ಬೇರೆ ಬೇರೆ ತೊಂದರೆ ಅಂದುಕೊಂಡು ಒಂದೊಂದಕ್ಕೆ ಒಂದೊಂದು ಔಷಧಿ ತಂದೆ. ಕೊನೆಗೆ ಬಂದ ದನದ ಡಾಕ್ಟರು ಹಸುವಿನ ಕಡೆ ನೋಡುವ ಮೊದಲು ಗೋದಲಿಗೆ ಕೈ ಹಾಕಿದರು. ಅಲ್ಲಿದ್ದದ್ದು ಭತ್ತದ ಒಣಹುಲ್ಲು, ಒಂದಿಷ್ಟು ಬೂಸಾ. ಅಷ್ಟೇ.

ಅವರು ಹೇಳಿಕೊಟ್ಟ ಲೆಕ್ಕ, ಆಮೇಲೆ ಓದಿ, ಕೇಳಿ, ತಪ್ಪು ಮಾಡಿ ಕಲಿತದ್ದು, ಎರಡೂ ಸೇರಿ ಇಲ್ಲಿವೆ. ಎರಡು ಮೂರು ಹಸು, ನಾಲ್ಕಾರು ಕುರಿ–ಮೇಕೆ, ಹಿತ್ತಲಲ್ಲಿ ಕೋಳಿ ಇಟ್ಟುಕೊಂಡವರಿಗೆ ಬರೆದದ್ದು.

1. ಮೊದಲು ಗೋದಲಿ ನೋಡಿ

ಯಾವ ಪುಡಿ ತರಲಿ ಅಂತ ಕೇಳುವ ಮೊದಲು ನಿಮ್ಮ ಹಸು ದಿನಾ ಏನು ತಿನ್ನುತ್ತಿದೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಖನಿಜದ ವಿಷಯದಲ್ಲಿ ಬಡಪಾಯಿ. ಕ್ಯಾಲ್ಸಿಯಂ ಕಡಿಮೆ, ರಂಜಕ (ಫಾಸ್ಫರಸ್) ಇನ್ನೂ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಇರುವ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಾಗಿ ಹುಲ್ಲಿನಲ್ಲಿ ಕ್ಯಾಲ್ಸಿಯಂ ಇದಕ್ಕಿಂತ ಎಷ್ಟೋ ಜಾಸ್ತಿ. ನಮ್ಮ ಹಿರಿಯರು ರಾಗಿ ಮೆದೆಯನ್ನು ಹಾಲು ಕೊಡುವ ಹಸುವಿಗೆ ಅಂತ ಎತ್ತಿಡುತ್ತಿದ್ದದ್ದು ಸುಮ್ನೆ ಅಲ್ಲ. ಈಗ ಎಲ್ಲರ ಹೊಲದ ಬದುವಿನಲ್ಲೂ ಇರುವ ನೇಪಿಯರ್ ಹುಲ್ಲಿನಲ್ಲೂ ಆಕ್ಸಲೇಟ್ ಇದೆ, ತೀರಾ ಎಳೆಯದರಲ್ಲಿ ಹೆಚ್ಚು. ಮೊಣಕಾಲುದ್ದ ಇರುವಾಗಲೇ ಕೊಯ್ದು ಅದೊಂದನ್ನೇ ಹಾಕಬೇಡಿ.

ದ್ವಿದಳ ಜಾತಿಯ ಸೊಪ್ಪು, ಅಂದರೆ ಅಲಸಂದೆ, ಕುದುರೆ ಮಸಾಲೆ, ಬೇಲಿ ಮೆಂತೆ, ಅಗಸೆ, ಗ್ಲಿರಿಸಿಡಿಯಾ, ಇವುಗಳಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ನುಗ್ಗೆ ಸೊಪ್ಪಿನಲ್ಲೂ ಅಷ್ಟೇ. ಗೋಧಿ ಬೂಸಾ, ಅಕ್ಕಿ ತೌಡು, ಹಿಂಡಿ ಇವುಗಳಲ್ಲಿ ಉಲ್ಟಾ: ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಇವೆರಡರ ನಡುವೆ ಒಂದು ಅಳತೆ ಇರಬೇಕು. ರಂಜಕ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು ಪಾಲು. ಹಾಗಾಗಿ ಹುಲ್ಲು, ಸೊಪ್ಪು, ಬೂಸಾ ಮೂರೂ ಸೇರಿದ ಗೋದಲಿ ಅರ್ಧ ಗೆದ್ದಂತೆ.

ಇನ್ನು ಸತು, ತಾಮ್ರ. ಇವು ನಮ್ಮ ಹೆಚ್ಚಿನ ಕಡೆಯ ಒಣಮೇವಿನಲ್ಲಿ ಸಾಕಷ್ಟು ಇರುವುದಿಲ್ಲ. ಮಣ್ಣಿನಲ್ಲಿ ಇಲ್ಲದ್ದು ಹುಲ್ಲಿಗೆ ಎಲ್ಲಿಂದ ಬರಬೇಕು? ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ, 1995ರಲ್ಲಿ ಶುರುವಾದದ್ದು. ಯಾವ ಭಾಗದ ಮೇವಿನಲ್ಲಿ ಯಾವ ಖನಿಜ ಕಡಿಮೆ ಅಂತ ನೋಡಿ, ಆಯಾ ಪ್ರದೇಶಕ್ಕೆ ಹೊಂದುವ ಮಿಶ್ರಣ ಮಾಡುವ ಕೆಲಸ ಅಲ್ಲಿ ನಡೆದಿದೆ. ನಿಮ್ಮ ಭಾಗಕ್ಕೆ ಅಂಥದ್ದು ಸಿಗುತ್ತದೆಯೇ ಅಂತ ಪಶು ಆಸ್ಪತ್ರೆಯಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಸಿಕ್ಕರೆ ಅದೇ ಒಳ್ಳೆಯದು.

2. ಉಪ್ಪು: ಅಗ್ಗದ್ದು ಅಂತ ಮರೆಯಬೇಡಿ

ಹುಲ್ಲು, ಸೊಪ್ಪು ಯಾವುದೇ ಇರಲಿ, ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅತ್ಯಲ್ಪ. ಹುಲ್ಲು ತಿನ್ನುವ ಪ್ರಾಣಿಗಳಿಗೆಲ್ಲ ಉಪ್ಪಿನ ಆಸೆ ಇರುವುದು ಅದಕ್ಕೇ. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸಿಕೊಂಡು ಮೆಲುಕು ಹಾಕುತ್ತದೆ. ಆ ಜೊಲ್ಲಿನ ತುಂಬ ಸೋಡಿಯಂ. ಬಹುಪಾಲು ಹೊಟ್ಟೆಯೊಳಗೇ ವಾಪಸ್ಸು ಹೋಗುತ್ತದೆ ನಿಜ. ಆದರೆ ಹಾಲಿನಲ್ಲಿ ಹೋದದ್ದು ವಾಪಸ್ಸು ಬರುವುದಿಲ್ಲ. ಒಂದು ಲೀಟರ್ ಹಾಲಿನಲ್ಲಿ ಸುಮಾರು ಅರ್ಧ ಗ್ರಾಂ ಸೋಡಿಯಂ ಇರುತ್ತದೆ. 10 ಲೀಟರ್ ಕರೆದರೆ 5 ಗ್ರಾಂ. ಅಷ್ಟು ಸೋಡಿಯಂಗೆ 13 ಗ್ರಾಂ ಉಪ್ಪು ಬೇಕು. ಇದು ಹಾಲಿಗೆ ಮಾತ್ರ. ಹಸುವಿನ ಮೈಗೆ ಬೇಕಾದದ್ದು ಬೇರೆ.

ರೂಢಿಯಲ್ಲಿರುವ ಅಳತೆ ಇದು. ಹಾಲು ಕೊಡದ ದೊಡ್ಡ ದನಕ್ಕೆ ದಿನಕ್ಕೆ 30 ಗ್ರಾಂ. ಹಾಲು ಕೊಡುವ ಹಸು, ಎಮ್ಮೆಗೆ 40 ಗ್ರಾಂ, ಹಾಲು ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ. ಕಡಸಿಗೆ 15ರಿಂದ 20. ಹುಲ್ಲು ತಿನ್ನಲು ಕಲಿತ ಕರುವಿಗೆ 5ರಿಂದ 10. ಕುರಿ, ಮೇಕೆಗೆ 5ರಿಂದ 8.

ಗ್ರಾಂ ಅಂದರೆ ಕೈಗೆ ಸಿಗುವುದಿಲ್ಲ, ಅಲ್ವಾ? ಒಂದು ಉಪಾಯ ಇದೆ. ಒಂದು ಹಳೆಯ ಚಮಚ ತೆಗೆದುಕೊಂಡು ದಿನಸಿ ಅಂಗಡಿಗೆ ಹೋಗಿ. ನೀವು ಬಳಸುವ ಅದೇ ಉಪ್ಪನ್ನು ಆ ಚಮಚದಲ್ಲಿ ತುಂಬಿ, ತಲೆ ಸವರಿ, ಹತ್ತು ಚಮಚ ತೂಗಿಸಿ. ಹತ್ತರಿಂದ ಭಾಗಿಸಿ. ಬಂದ ಲೆಕ್ಕವನ್ನು ಉಪ್ಪಿನ ಡಬ್ಬಿಯ ಮೇಲೆ ಬರೆಯಿರಿ. ಖನಿಜದ ಪುಡಿಗೂ ಹೀಗೇ ಮಾಡಿ. ಹರಳುಪ್ಪು, ಪುಡಿಯುಪ್ಪು ಎರಡರ ತೂಕ ಒಂದೇ ಚಮಚದಲ್ಲಿ ಬೇರೆ ಬೇರೆ ಬರುತ್ತದೆ. ಕೈಯಲ್ಲಿ ಹಿಡಿದು ಹಾಕುವವರ ಅಂದಾಜು ಬಹಳ ಸಲ ಎರಡು ಪಟ್ಟು ತಪ್ಪಿರುತ್ತದೆ. ನನ್ನದೂ ತಪ್ಪಿತ್ತು.

ಯಾವ ಉಪ್ಪು? ಮನೆಯಲ್ಲಿ ಊಟಕ್ಕೆ ಬಳಸುವ ಅಯೋಡಿನ್ ಉಪ್ಪೇ ಸಾಕು. ಮಲೆನಾಡಿನಂಥ ಮಳೆ ಜಾಸ್ತಿ ಇರುವ ಕಡೆ ಮಣ್ಣಿನ ಅಯೋಡಿನ್ ತೊಳೆದು ಹೋಗಿರುತ್ತದೆ. ಅಲ್ಲಿ ಇದು ಇನ್ನೂ ಮುಖ್ಯ. ಮೈಮೇಲೆ ಕೂದಲಿಲ್ಲದ, ಗಂಟಲು ಊದಿದ ಮರಿ ಅಥವಾ ಕರು ಹುಟ್ಟಿದರೆ ತಾಯಿಗೆ ಅಯೋಡಿನ್ ಸಾಲದೆ ಇದ್ದಿರಬಹುದು. ಕೋಸಿನ ಎಲೆ, ಸಾಸಿವೆ ಹಿಂಡಿ, ಸುಬಾಬುಲ್ ಸೊಪ್ಪು ಜಾಸ್ತಿ ಹಾಕುವವರೂ ಈ ಕಡೆ ಗಮನ ಕೊಡಬೇಕು. ಇವು ಅಯೋಡಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಸುಬಾಬುಲ್ ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ದಾಟದಿರಲಿ.

ಗುಲಾಬಿ ಬಣ್ಣದ ಕಲ್ಲುಪ್ಪಿನ ಗಡ್ಡೆಗೆ ಹಗ್ಗ ಕಟ್ಟಿ ಮಾರುತ್ತಾರೆ. ನೋಡೋಕೆ ಚೆಂದ. ಆದರೆ ಅದರಲ್ಲಿ ಇರುವುದು ಬಹುಪಾಲು ಉಪ್ಪೇ. ಬೇರೆ ಖನಿಜ ಬರೀ ಬಣ್ಣ ಕೊಡುವಷ್ಟು. ಉಪ್ಪಿಗಾಗಿ ತಂದರೆ ಸರಿ. ಖನಿಜ ಮಿಶ್ರಣದ ಬದಲಿಗೆ ಅಂತ ತಂದರೆ ಕಾಸು ದಂಡ.

ಇನ್ನೊಂದು ಮಾತು, ಇದು ಎಲ್ಲದಕ್ಕಿಂತ ಮುಖ್ಯ: ಉಪ್ಪು ಇರುವ ಕಡೆ ನೀರು ಇರಲೇಬೇಕು. ನೀರು ಸಿಗುತ್ತಿದ್ದರೆ ದನ ಉಪ್ಪು ಸ್ವಲ್ಪ ಜಾಸ್ತಿ ತಿಂದರೂ ಹೊರಗೆ ಹಾಕಿಬಿಡುತ್ತದೆ. ನೀರಿಲ್ಲದೆ ಹೋದರೆ ಅದೇ ಉಪ್ಪು ಮಿದುಳಿಗೆ ಏರುತ್ತದೆ. ತೂರಾಡುವುದು, ಕಣ್ಣು ಕಾಣದಂತೆ ಗೋಡೆಗೆ ತಲೆ ಒತ್ತುವುದು, ಸೆಳೆತ. ಹಂದಿ, ಕೋಳಿಗಳಲ್ಲಿ ಇದು ಬೇಗ ಬರುತ್ತದೆ. ಕರಾವಳಿ ಕಡೆ ಉಪ್ಪುಮೀನಿನ ಚೂರು ಹಾಕುವವರು ನೆನಪಿಡಿ. ಇಂಥ ಪ್ರಾಣಿಗೆ ಒಮ್ಮೆಗೇ ಬಕೆಟ್‌ಗಟ್ಟಲೆ ನೀರು ಇಟ್ಟರೂ ಅಪಾಯ. ಸ್ವಲ್ಪ ಸ್ವಲ್ಪ ಕೊಡುತ್ತಾ ಡಾಕ್ಟರನ್ನು ಕರೆಸಿ.

3. ಖನಿಜ ಮಿಶ್ರಣ: ಚೀಟಿ ಓದಿ ಕೊಳ್ಳಿ

ಉಪ್ಪಿನ ಅಗತ್ಯ ದನಕ್ಕೆ ಗೊತ್ತಾಗುತ್ತದೆ. ಸಿಕ್ಕಿದರೆ ಬೇಕಾದಷ್ಟು ನೆಕ್ಕುತ್ತದೆ. "ಹಾಗೇ ಉಳಿದದ್ದನ್ನೂ ಅದೇ ಹುಡುಕಿಕೊಳ್ಳುತ್ತದೆ" ಅನ್ನುವ ಮಾತಿದೆ. ಅದು ನಿಜವಲ್ಲ. ಸತು ಕಡಿಮೆಯಾದ ಹಸು ಸತುವನ್ನೇ ಹುಡುಕಿಕೊಂಡು ಹೋಗುವುದಿಲ್ಲ. ರಂಜಕ ಕಡಿಮೆಯಾದರೆ ಏನೇನೋ ಕಚ್ಚುತ್ತದೆ: ಗೋಡೆ, ಮಣ್ಣು, ಬಟ್ಟೆ, ಪ್ಲಾಸ್ಟಿಕ್, ಕೊನೆಗೆ ಹೊಲದಲ್ಲಿ ಬಿದ್ದ ಮೂಳೆ. ಸತ್ತ ಪ್ರಾಣಿಯ ಮೂಳೆ ಅಗಿದ ದನಕ್ಕೆ ಬಾಟ್ಯುಲಿಸಂ ಎಂಬ ವಿಷ ಬಾಧೆ ಬಂದು ಕೈಕಾಲು ಸೋತು ಸಾಯುವುದುಂಟು. ಹಾಗಾಗಿ ನಾವೇ ಅಳೆದು ಹಾಕಬೇಕು.

ಅಂಗಡಿಯಲ್ಲೋ ಹಾಲಿನ ಡೈರಿಯಲ್ಲೋ ಸಿಗುವ ಪುಡಿಯ ಚೀಲದ ಹಿಂಬದಿ ತಿರುಗಿಸಿ. ಐಎಸ್ 1664 ಅಂತ ಇದೆಯೇ ನೋಡಿ. ದನದ ಖನಿಜ ಮಿಶ್ರಣಕ್ಕೆ ಭಾರತೀಯ ಮಾನಕ ಬ್ಯೂರೋ ಕೊಟ್ಟಿರುವ ಸಂಖ್ಯೆ ಅದು. ಕ್ಯಾಲ್ಸಿಯಂ ನೂರಕ್ಕೆ 20ರ ಆಸುಪಾಸು, ರಂಜಕ 12ರ ಆಸುಪಾಸು ಇರಬೇಕು. ಸತು, ತಾಮ್ರ, ಮ್ಯಾಂಗನೀಸ್, ಅಯೋಡಿನ್, ಕೋಬಾಲ್ಟ್ ಹೆಸರುಗಳು ಪ್ರಮಾಣದ ಸಮೇತ ಇರಬೇಕು. ಕೋಬಾಲ್ಟ್ ಚಿಟಿಕೆಗಿಂತ ಕಡಿಮೆ ಸಾಕು. ಆದರೆ ಅದಿಲ್ಲದೆ ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ12 ಜೀವಸತ್ವ ಮಾಡಲಾರವು. ಬರೀ ಬಿಳಿ ಪುಡಿ, "ಕ್ಯಾಲ್ಸಿಯಂ ಪವರ್" ಅಂತ ದೊಡ್ಡ ಅಕ್ಷರ, ಹಿಂದೆ ಏನೂ ಇಲ್ಲ ಅಂದರೆ ಸುಣ್ಣದ ಕಲ್ಲಿನ ಪುಡಿಗೆ ದುಬಾರಿ ಬೆಲೆ ಕೊಡುತ್ತಿದ್ದೀರಿ.

ಫ್ಲೋರಿನ್ ಎಷ್ಟು ಅಂತಲೂ ನೋಡಿ. ರಂಜಕ ಬರುವುದು ಹೆಚ್ಚಾಗಿ ಬಂಡೆಯಿಂದ. ಆ ಬಂಡೆಯಲ್ಲಿ ಫ್ಲೋರಿನ್ ಸಹಜವಾಗಿಯೇ ಇರುತ್ತದೆ. ಅದನ್ನು ತೆಗೆಯದ ಅಗ್ಗದ ಪುಡಿ ಕೊನೆಗೆ ಹಲ್ಲು, ಮೂಳೆ ಹಾಳು ಮಾಡುತ್ತದೆ. ಪಾವಗಡ, ಕೋಲಾರದ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಜಾಸ್ತಿ. ಅಲ್ಲಿನವರಿಗಂತೂ ಈ ಎಚ್ಚರ ಬೇಕೇ ಬೇಕು.

ಪುಡಿಯಲ್ಲಿ ಉಪ್ಪು ಸೇರಿದೆಯೋ ಇಲ್ಲವೋ ಅಂತ ನೋಡಿಕೊಳ್ಳಿ. ಸೇರಿದ್ದರೆ ಉಪ್ಪಿನ ಚಮಚ ಅಷ್ಟು ಕಡಿಮೆ ಮಾಡಿ.

4. ಎಷ್ಟು ಹಾಕಬೇಕು, ಹೇಗೆ ಹಾಕಬೇಕು

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ 10 ಲೀಟರ್ ಡೈರಿಗೆ ಹಾಕುವವರು 12 ಗ್ರಾಂ ಕ್ಯಾಲ್ಸಿಯಂ ಕ್ಯಾನಿನಲ್ಲಿ ಕಳಿಸುತ್ತಿದ್ದಾರೆ. ತಿಂದ ಕ್ಯಾಲ್ಸಿಯಂ ಎಲ್ಲ ಮೈಗೆ ಹತ್ತುವುದಿಲ್ಲ, ಅರ್ಧ ಹತ್ತಿದರೆ ಹೆಚ್ಚು. ಅಂದರೆ ಹಾಲಿಗೇ 25 ಗ್ರಾಂ ಬಾಯಿಗೆ ಬೀಳಬೇಕು. ನೂರಕ್ಕೆ 20 ಕ್ಯಾಲ್ಸಿಯಂ ಇರುವ ಪುಡಿ 50 ಗ್ರಾಂ ಹಾಕಿದರೆ ಸಿಗುವುದು 10 ಗ್ರಾಂ. ಉಳಿದದ್ದು ಮೇವಿನಿಂದ ಬರಬೇಕು. ಗೋದಲಿಯಿಂದ ಶುರು ಮಾಡಿ ಅಂದದ್ದು ಇದಕ್ಕೇ. ಮೇವೇ ಚೆನ್ನಾಗಿಲ್ಲದಿದ್ದರೆ ಪುಡಿ ಒಂದೇ ಸಂಸಾರ ತೂಗಿಸಲಾರದು.

ಸಾಮಾನ್ಯ ಲೆಕ್ಕ: 10 ಲೀಟರ್‌ವರೆಗೆ ಕರೆಯುವ ಹಸು, ಎಮ್ಮೆಗೆ ದಿನಕ್ಕೆ 50 ಗ್ರಾಂನಿಂದ ಶುರು. ಅದಕ್ಕಿಂತ ಮೇಲಿದ್ದರೆ 100 ಗ್ರಾಂ. ಹಾಲು ಬತ್ತಿಸಿದ ಹಸುವಿಗೆ 50 (ಕೊನೆಯ ವಾರಗಳ ವಿಷಯ ಬೇರೆ, ಮುಂದೆ ಬರುತ್ತದೆ). ಕಡಸು, ಎತ್ತಿಗೆ 30ರಿಂದ 50. ಮೂರು ತಿಂಗಳು ದಾಟಿದ ಕರುವಿಗೆ 15ರಿಂದ 20.

ಮನೆಯಲ್ಲೇ ದಾಣಿ ಮಿಶ್ರಣ ಮಾಡಿಕೊಳ್ಳುವವರಿಗೆ ಇನ್ನೂ ಸುಲಭ. 100 ಕೆ.ಜಿ. ಮಿಶ್ರಣಕ್ಕೆ 2 ಕೆ.ಜಿ. ಖನಿಜದ ಪುಡಿ, 1 ಕೆ.ಜಿ. ಉಪ್ಪು. ಆಗ 5 ಕೆ.ಜಿ. ತಿನ್ನುವ ಹಸುವಿಗೆ 100 ಗ್ರಾಂ ಪುಡಿ, 50 ಗ್ರಾಂ ಉಪ್ಪು ತಾನಾಗಿಯೇ ಸಿಗುತ್ತದೆ. ಹಾಲು ಹೆಚ್ಚಾದಂತೆ ದಾಣಿ ಹೆಚ್ಚುತ್ತದೆ, ದಾಣಿಯ ಜೊತೆ ಪುಡಿಯೂ. ಪುಡಿ, ಉಪ್ಪು ಎರಡನ್ನೂ ಮೊದಲು ಐದಾರು ಕೆ.ಜಿ. ಬೂಸಾದಲ್ಲಿ ಕಲಸಿ, ಆಮೇಲೆ ರಾಶಿಗೆ ಸೇರಿಸಿ. ನೇರವಾಗಿ ರಾಶಿಗೆ ಸುರಿದರೆ ಒಂದು ಮೂಲೆಯಲ್ಲೇ ಕೂರುತ್ತದೆ.

ಚೀಲದ ಫೀಡ್ ಹಾಕುವವರು ಆ ಚೀಲದ ಚೀಟಿಯನ್ನೂ ಓದಿ. ಅದರಲ್ಲಿ ಉಪ್ಪು, ಖನಿಜ ಮೊದಲೇ ಇರುತ್ತದೆ. ನೂರಕ್ಕೆ 1ರಷ್ಟು ಉಪ್ಪಿರುವ ಫೀಡ್ 4 ಕೆ.ಜಿ. ತಿಂದರೆ 40 ಗ್ರಾಂ ಉಪ್ಪು ಆಗಿಹೋಯಿತು. ಮೇಲೆ ಮತ್ತೆ ಹಾಕುವುದು ಬೇಡ.

ಕಲಗಚ್ಚಿನ ಬಾನಿಗೆ ಪುಡಿ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬೇಡ. ಖನಿಜದ ಪುಡಿ ನೀರಿನಲ್ಲಿ ಕರಗುವುದು ಕಡಿಮೆ, ತಳದಲ್ಲಿ ಕೂರುತ್ತದೆ. ಹಸು ಮೇಲಿನ ನೀರು ಕುಡಿದು ಹೋಗುತ್ತದೆ, ಸಂಜೆ ಬಾನಿ ತೊಳೆದಾಗ ನಿಮ್ಮ ದುಡ್ಡು ಚರಂಡಿಗೆ. ಒಂದು ಹಿಡಿ ಬೂಸಾ ಅಥವಾ ತೌಡಿಗೆ ನೀರು ಚಿಮುಕಿಸಿ, ಪುಡಿ ಉದುರಿಸಿ, ಕಲಸಿ ಇಡಿ. ವಾಸನೆ ಹೊಸದು ಅಂತ ಮೊದಲ ದಿನ ಮೂಸಿ ಬಿಟ್ಟರೆ ಅರ್ಧ ಚಮಚದಿಂದ ಶುರು ಮಾಡಿ, ಚೂರು ಬೆಲ್ಲ ಸೇರಿಸಿ.

ಡಬ್ಬಿಯ ಮುಚ್ಚಳ ಬಿಗಿ ಇರಲಿ. ತೇವ ಹೀರಿದರೆ ಗಟ್ಟಿಯಾಗುತ್ತದೆ, ಅಯೋಡಿನ್ ಕೂಡ ಮೆಲ್ಲಗೆ ಹಾರಿಹೋಗುತ್ತದೆ.

ನೆಕ್ಕುವ ಇಟ್ಟಿಗೆ (ಉಪ್ಪು, ಖನಿಜ ಒತ್ತಿ ಮಾಡಿದ ಗಡ್ಡೆ) ಬಯಲಲ್ಲಿ ಮೇಯುವ ದನಕ್ಕೆ ಅನುಕೂಲ. ಆದರೆ ಯಾವ ಹಸು ಎಷ್ಟು ನೆಕ್ಕಿತು ಅಂತ ಗೊತ್ತಾಗುವುದಿಲ್ಲ. ಜೋರಿನದು ಜಾಸ್ತಿ ನೆಕ್ಕುತ್ತದೆ, ಪಾಪದ್ದು ದೂರ ನಿಂತಿರುತ್ತದೆ. ಯೂರಿಯಾ–ಕಾಕಂಬಿ ಸೇರಿದ ಇಟ್ಟಿಗೆಯಾದರೆ ಇನ್ನೂ ಎಚ್ಚರ. ಆರು ತಿಂಗಳ ಒಳಗಿನ ಕರುವಿಗೆ ಬೇಡ. ಹಂದಿ, ಕೋಳಿಗಂತೂ ಕೊಡಲೇಬಾರದು. ಹಸಿದ ಹೊಟ್ಟೆಯಲ್ಲಿ ಕೊಡಬಾರದು. ಮಳೆಗೆ ನೆನೆದು ಕರಗಿದ ನೀರನ್ನು ದನ ಕುಡಿದರೆ ಯೂರಿಯಾ ವಿಷವಾಗಿ ಜೀವಕ್ಕೇ ಬರುತ್ತದೆ.

5. ಸುಣ್ಣದ ತಿಳಿ ನೀರು ಮತ್ತು ಕ್ಯಾಲ್ಸಿಯಂ ಬಾಟಲಿ

ಸುಣ್ಣವನ್ನು ನೀರಿಗೆ ಹಾಕಿ, ತಿಳಿಯಾದ ಮೇಲೆ ಮೇಲಿನ ನೀರು ಕುಡಿಸುವುದು ಹಳೆಯ ಪದ್ಧತಿ. ಕೆಟ್ಟದ್ದಲ್ಲ. ಆದರೆ ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ. ಒಂದು ಲೀಟರ್ ತಿಳಿ ನೀರಿನಲ್ಲಿ ಸಿಗುವ ಕ್ಯಾಲ್ಸಿಯಂ ಹತ್ತಿರ ಹತ್ತಿರ 0.9 ಗ್ರಾಂ. ಒಂದು ಲೀಟರ್ ಹಾಲಿನಲ್ಲಿ ಹೋಗುವುದು ಅದಕ್ಕಿಂತ ಜಾಸ್ತಿ! ಕೊಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ರಂಜಕ, ಸತು, ತಾಮ್ರ ಅದರಲ್ಲಿ ಇಲ್ಲವೇ ಇಲ್ಲ.

ಬಾಟಲಿಗೂ ಇದೇ ಪರೀಕ್ಷೆ ಮಾಡಿ. 100 ಮಿ.ಲೀ.ಯಲ್ಲಿ ಕ್ಯಾಲ್ಸಿಯಂ ಎಷ್ಟು ಅಂತ ಓದಿ, ಗ್ರಾಂಗೆ ತಿರುಗಿಸಿ. ನಿಮ್ಮ ಹಸುವಿನ ಹಾಲಿನಲ್ಲಿ ಹೋಗುವ ಗ್ರಾಂ ಪಕ್ಕದಲ್ಲಿ ಬರೆಯಿರಿ. ಬೆಲೆಯನ್ನೂ ಬರೆಯಿರಿ. ಒಂದು ಗ್ರಾಂ ಕ್ಯಾಲ್ಸಿಯಂಗೆ ಪುಡಿಯಲ್ಲಿ ಎಷ್ಟು ಕೊಡುತ್ತೀರಿ, ಬಾಟಲಿಯಲ್ಲಿ ಎಷ್ಟು ಕೊಡುತ್ತೀರಿ ಅಂತ ಭಾಗಿಸಿ ನೋಡಿದ ಮೇಲೆ ನಾನು ಬಾಟಲಿಯನ್ನು ದಿನದ ಪಟ್ಟಿಯಿಂದ ತೆಗೆದೆ. ಕರು ಹಾಕಿದ ಮೇಲಿನ ಕೆಲವು ದಿನ ಡಾಕ್ಟರು ಹೇಳಿದರೆ ಮಾತ್ರ ತರುತ್ತೇನೆ.

6. ಗಬ್ಬದ ಕೊನೆಯ ಮೂರು ವಾರ: ಇಲ್ಲಿ ಎಲ್ಲರೂ ತಪ್ಪುವುದು

ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು. ಮೂರನೇ ಕರುವಿನ ಹೊತ್ತು. ಹಸು ತುಂಬು ಗಬ್ಬ. "ಈಗಿನಿಂದಲೇ ಕ್ಯಾಲ್ಸಿಯಂ ತುಂಬಿಸಿ, ಕರು ಹಾಕಿದ ಮೇಲೆ ಹಾಲು ಹೊಳೆಯಂತೆ ಬರುತ್ತದೆ" ಅಂತ ಔಷಧಿ ಅಂಗಡಿಯವರು ಹೇಳಿದರು. ತಿಂಗಳಿಡೀ ದಿನಾ ಬಾಟಲಿ ಕುಡಿಸಿದೆ. ಕುದುರೆ ಮಸಾಲೆ ಸೊಪ್ಪನ್ನೂ ಹಾಕಿದೆ. ಕರು ಹಾಕಿದ ಎರಡನೇ ರಾತ್ರಿ ಹಸು ನೆಲ ಹಿಡಿಯಿತು. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಹಾಲುಜ್ವರ.

ಇಷ್ಟು ಕ್ಯಾಲ್ಸಿಯಂ ಕುಡಿಸಿದ ಹಸುವಿಗೇ ಕ್ಯಾಲ್ಸಿಯಂ ಕೊರತೆಯೇ? ಬೆಳಗಿನ ಜಾವ ಬಂದ ಡಾಕ್ಟರನ್ನು ನಾನು ಕೇಳಿದ್ದು ಇದನ್ನೇ. ಕಾರಣ ಹೀಗಿದೆ. ಮೈಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆಯಲ್ಲಿರುತ್ತದೆ. ದೊಡ್ಡ ಹಸುವಿನ ಇಡೀ ರಕ್ತದಲ್ಲಿ ಓಡಾಡುವುದು ಬರೀ 3 ಗ್ರಾಂನಷ್ಟು. ಗಿಣ್ಣು ಹಾಲಿನಲ್ಲಿ ಕ್ಯಾಲ್ಸಿಯಂ ಮಾಮೂಲಿ ಹಾಲಿಗಿಂತ ಜಾಸ್ತಿ, ಲೀಟರಿಗೆ 2 ಗ್ರಾಂ ದಾಟುತ್ತದೆ. 10 ಲೀಟರ್ ಗಿಣ್ಣು ಇಳಿದರೆ 20 ಗ್ರಾಂಗೂ ಮೇಲೆ ಒಮ್ಮೆಗೇ ಹೋಯಿತು. ಅಷ್ಟನ್ನು ಮೂಳೆಯಿಂದ ಇಳಿಸಿಕೊಳ್ಳಬೇಕು, ಕರುಳಿನಿಂದ ಹೀರಿಕೊಳ್ಳಬೇಕು. ಆ ಕೆಲಸಕ್ಕೆ ಅಪ್ಪಣೆ ಕೊಡುವ ಪುಟ್ಟ ಗ್ರಂಥಿಗಳು ಕುತ್ತಿಗೆಯಲ್ಲಿವೆ. ನಾವು ತಿಂಗಳುಗಟ್ಟಲೆ ಬಾಯಿಗೇ ಸುರಿಯುತ್ತಿದ್ದರೆ ಅವು ನಿದ್ದೆ ಹೊಡೆಯುತ್ತಿರುತ್ತವೆ. ಕರು ಹಾಕಿದ ಮೇಲೆ ಎಚ್ಚರವಾಗಲು ಎರಡು ಮೂರು ದಿನ ಬೇಕು. ಆ ಎರಡು ಮೂರು ದಿನವೇ ಹಾಲುಜ್ವರದ ಸಮಯ. ಮೂರನೇ ಕರುವಿನಿಂದ ಆಚೆಗೆ ಮೂಳೆಯಿಂದ ಕ್ಯಾಲ್ಸಿಯಂ ಇಳಿಯುವುದೂ ನಿಧಾನ. ಜೆರ್ಸಿ ಹಸುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಹಾಗಾಗಿ ಈಗ ನಾನು ಮಾಡುವುದು ಹೀಗೆ. ಕರು ಹಾಕಲು ಮೂರು ವಾರ ಇರುವಾಗ ಕ್ಯಾಲ್ಸಿಯಂ ಬಾಟಲಿ ಪೂರ್ತಿ ಬಂದ್. ಕುದುರೆ ಮಸಾಲೆ, ಅಗಸೆಯಂಥ ಸೊಪ್ಪು ಕಡಿಮೆ, ಒಣಹುಲ್ಲು ಮುಂದುವರಿಕೆ. ಖನಿಜ ಮಿಶ್ರಣವನ್ನು ಇಳಿಸಬೇಕೋ, ಬೇರೆ ಪುಡಿ ಕೊಡಬೇಕೋ ಅಂತ ಡಾಕ್ಟರನ್ನು ಕೇಳುತ್ತೇನೆ. ಹಿಂದಿನ ಸಲ ಹಾಲುಜ್ವರ ಬಂದ, ಹಾಲು ಜಾಸ್ತಿ ಕೊಡುವ ಹಸುವಿಗೆ ಈ ಸಮಯಕ್ಕೆಂದೇ ಬೇರೆ ಲವಣಗಳ ಪುಡಿ ಬರುತ್ತದೆ. ರುಚಿ ಕೆಟ್ಟದ್ದು, ಹಸು ಮುಖ ತಿರುಗಿಸುತ್ತದೆ. ಅದು ಡಾಕ್ಟರ ಸಲಹೆ ಇಲ್ಲದೆ ಬೇಡ. ಉಪ್ಪನ್ನೂ ಈ ಹೊತ್ತಿನಲ್ಲಿ ಜಾಸ್ತಿ ಮಾಡಬೇಡಿ, ಕೆಚ್ಚಲಲ್ಲಿ ನೀರು ತುಂಬಿ ಊತ ಹೆಚ್ಚುತ್ತದೆ. ಕರು ಹಾಕಿದ ದಿನದಿಂದ ಮಿಶ್ರಣ ಪೂರ್ತಿ ಅಳತೆಗೆ ವಾಪಸ್ಸು.

ಹಾಲುಜ್ವರ ಅಂತ ಹೆಸರು, ಆದರೆ ಮೈ ಬಿಸಿ ಇರುವುದಿಲ್ಲ, ತಣ್ಣಗಾಗುತ್ತದೆ. ಮೊದಲು ನಡುಗು ನಡಿಗೆ, ಆಮೇಲೆ ಕೂರುವುದು, ಮೂಗು ಒಣಗುವುದು, ಸಗಣಿ ನಿಲ್ಲುವುದು. ಪೂರ್ತಿ ಅಡ್ಡ ಬಿದ್ದರೆ ಹೊಟ್ಟೆ ಉಬ್ಬಿ ಕೆಲವೇ ಗಂಟೆಗಳಲ್ಲಿ ಹೋಗಿಬಿಡುತ್ತದೆ. ಡಾಕ್ಟರು ಬರುವವರೆಗೆ ಹುಲ್ಲಿನ ಮೂಟೆ ಒತ್ತುಕೊಟ್ಟು ಎದೆಯ ಮೇಲೆ ಕೂರುವಂತೆ ಮಾಡಿ. ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿ ಇರುವುದಿಲ್ಲ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕುವುದು ಡಾಕ್ಟರ ಕೆಲಸ. ನೋಡಿ ಕಲಿತೆ ಅಂತ ಯಾರೋ ಬಂದು ಬೇಗ ಬೇಗ ಬಿಟ್ಟರೆ ಹೃದಯ ನಿಂತುಹೋಗುತ್ತದೆ. ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ನಮ್ಮ ಹಸು ಅವತ್ತು ಬಾಟಲಿ ಮುಗಿಯುವ ಹೊತ್ತಿಗೆ ತೇಗಿತು, ಸಗಣಿ ಹಾಕಿತು, ಅರ್ಧ ಗಂಟೆಯಲ್ಲಿ ಎದ್ದು ಕರು ನೆಕ್ಕಿತು. ಅದನ್ನು ಕಣ್ಣಾರೆ ನೋಡಿದವರಿಗೇ ಅದು ಅರ್ಥವಾಗುವುದು.

7. ಕುರಿ, ಮೇಕೆ: ಹಸುವಿನ ಡಬ್ಬಿ ಇವಕ್ಕಲ್ಲ

ಹಸುವಿನ ಪುಡಿಯನ್ನೇ ಒಂದು ಚಿಟಿಕೆ ಕುರಿಗೂ ಹಾಕಿದರಾಯಿತು ಅನ್ನುತ್ತಾರೆ. ಕುರಿಗೆ ತಾಮ್ರ ತಡೆಯುವುದಿಲ್ಲ. ಹೆಚ್ಚಾದದ್ದು ತಿಂಗಳುಗಟ್ಟಲೆ ಪಿತ್ತಜನಕಾಂಗದಲ್ಲಿ ಸುಮ್ಮನೆ ಕೂತಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿ, ಮೂತ್ರ ಕೆಂಪು, ಕುರಿ ಸಾವು. ಹಾಗಂತ ತಾಮ್ರ ಬೇಡವೇ ಬೇಡ ಅಂತಲ್ಲ. ತೀರಾ ಕಡಿಮೆಯಾದರೆ ಮರಿಗಳ ಹಿಂಗಾಲು ತೂರಾಡುತ್ತವೆ. ಕುರಿ–ಮೇಕೆಗೆ ಅಂತಲೇ ಬರುವ ಮಿಶ್ರಣ ತನ್ನಿ. ದಿನಕ್ಕೆ 5ರಿಂದ 10 ಗ್ರಾಂ ಸಾಕು. ಕೋಳಿ, ಹಂದಿಯ ಫೀಡ್ ಅನ್ನೂ ಕುರಿಗೆ ಹಾಕಬೇಡಿ, ಅದರಲ್ಲೂ ತಾಮ್ರ ಜಾಸ್ತಿ ಇರಬಹುದು.

ಬಕ್ರೀದ್‌ಗೆ ಟಗರು, ಹೋತ ಕೊಬ್ಬಿಸುವವರಿಗೆ ಬೇರೆಯದೇ ತಲೆನೋವು. ಬೂಸಾ, ಜೋಳ, ಹಿಂಡಿ ತಿನ್ನಿಸಿ ತಿನ್ನಿಸಿ ರಂಜಕ ಜಾಸ್ತಿಯಾಗುತ್ತದೆ, ಮೂತ್ರನಾಳದಲ್ಲಿ ಹರಳು ಕಟ್ಟುತ್ತದೆ. ಟಗರು ಬೆನ್ನು ಬಾಗಿಸಿ ತಿಣುಕುತ್ತದೆ, ಮೂತ್ರ ಹನಿ ಹನಿ ಬೀಳುತ್ತದೆ ಅಥವಾ ಏನೂ ಬೀಳುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಬೀಜ ಒಡೆಸಿದ ಮರಿಗಳಲ್ಲಿ ನಾಳ ಕಿರಿದಾಗಿದ್ದು ಬೇಗ ಕಟ್ಟುತ್ತದೆ. ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂತರೆ ಮೂತ್ರಕೋಶ ಒಡೆಯುತ್ತದೆ. ಕಾಳಿನ ಮಿಶ್ರಣಕ್ಕೆ ಸುಣ್ಣದ ಕಲ್ಲಿನ ಪುಡಿ ನೂರಕ್ಕೆ 1ರಿಂದ 2, ಉಪ್ಪು ನೂರಕ್ಕೆ 1 ಸೇರಿಸಿ. ಉಪ್ಪು ತಿಂದರೆ ನೀರು ಜಾಸ್ತಿ ಕುಡಿಯುತ್ತದೆ, ಹರಳು ಕೂರಲು ಬಿಡುವುದಿಲ್ಲ. ಒಣಮೇವು, ಸೊಪ್ಪು ನಿಲ್ಲಿಸಬೇಡಿ. ಇಲ್ಲಿ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿ ಹಾಕಬೇಡಿ, ಅದರಲ್ಲಿ ಕ್ಯಾಲ್ಸಿಯಂ ಜೊತೆ ರಂಜಕವೂ ಜಾಸ್ತಿ ಇರುತ್ತದೆ.

8. ಹಿತ್ತಲ ಕೋಳಿ

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಅಷ್ಟು ಪುಟ್ಟ ಜೀವಕ್ಕೆ ಇದು ದೊಡ್ಡ ಖರ್ಚು. ಚಿಪ್ಪು ತೆಳ್ಳಗಾದರೆ, ಮೆತ್ತಗಿನ ಮೊಟ್ಟೆ ಬಿದ್ದರೆ ಕಪ್ಪೆಚಿಪ್ಪಿನ ತರಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಸಂಜೆ ಇಡಿ, ಚಿಪ್ಪು ಕಟ್ಟುವುದು ರಾತ್ರಿ ಹೊತ್ತು. ಮನೆಯ ಮೊಟ್ಟೆ ಸಿಪ್ಪೆಯನ್ನೂ ಹುರಿದು ಕುಟ್ಟಿ ಹಾಕಬಹುದು. ಗುರುತು ಸಿಗದಷ್ಟು ಕುಟ್ಟಿ, ಇಲ್ಲದಿದ್ದರೆ ಮೊಟ್ಟೆ ಒಡೆದು ತಿನ್ನುವ ಚಟ ಕಲಿಯಬಹುದು. ಮೊಟ್ಟೆ ಇಡುವ ಕೋಳಿಯ ಫೀಡ್‌ನಲ್ಲಿ ಕ್ಯಾಲ್ಸಿಯಂ ನೂರಕ್ಕೆ 3.5ರಿಂದ 4 ಇರುತ್ತದೆ. ಅದನ್ನು ಮರಿಗಳಿಗೆ ಹಾಕಿದರೆ ಮೂತ್ರಪಿಂಡ ಹಾಳಾಗುತ್ತದೆ. ಉಪ್ಪು ನೂರಕ್ಕೆ 0.3ರಷ್ಟು ಸಾಕು. ಹಪ್ಪಳ, ಉಪ್ಪಿನಕಾಯಿ ಮಿಕ್ಕಿದ್ದು ಕೋಳಿ ಕಡೆ ಎಸೆಯಬೇಡಿ.

9. ಪುಡಿಯಿಂದ ಆಗದ್ದು

ಕಪ್ಪು ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದರೆ ತಾಮ್ರ ನೆನಪಾಗಬೇಕು. ಚರ್ಮ ದಪ್ಪಗಾಗಿ ಬಿರಿದರೆ, ಗೊರಸು ಬಿರುಕು ಬಿಟ್ಟರೆ ಸತು. ಆದರೆ ಗುರುತು ಒಂದೇ ಇದ್ದರೂ ಕಾರಣ ಬೇರೆ ಇರಬಹುದು. ಬೆದೆಗೆ ಬಾರದ್ದಕ್ಕೆ ಬರೀ ಹೊಟ್ಟೆಗೆ ಸಾಲದ್ದೂ ಕಾರಣ. ಮಣ್ಣು ತಿನ್ನುವುದಕ್ಕೆ ಜಂತುಹುಳುವೂ ಕಾರಣ. ಪುಡಿ ಶುರು ಮಾಡುವ ಮೊದಲು ಜಂತಿನ ಔಷಧಿ ಹಾಕಿಸಿ, ಇಲ್ಲದಿದ್ದರೆ ಸಾಕುವುದು ಹುಳವನ್ನೇ. ಕರು ಹಾಕಿದ ಎಮ್ಮೆಯ ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ರಂಜಕದ ಕೊರತೆ ಇರಬಹುದು, ಉಣ್ಣೆ ಕಚ್ಚಿ ಬರುವ ಜ್ವರವೂ ಇರಬಹುದು. ಎರಡಕ್ಕೂ ಔಷಧಿ ಬೇರೆ. ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ, ಅದೇ ದಿನ ಡಾಕ್ಟರನ್ನು ಕರೆಸಿ.

ಪುಡಿ ಹಾಕಿದ ವಾರಕ್ಕೇ ಹಾಲು ಏರಲಿಲ್ಲ ಅಂತ ಡಬ್ಬಿ ಮೂಲೆಗೆ ಎಸೆಯಬೇಡಿ. ಗೋಡೆ ನೆಕ್ಕುವುದು ಕೆಲವು ವಾರದಲ್ಲಿ ಕಡಿಮೆಯಾಗಬಹುದು. ಬೆದೆ, ಗಬ್ಬದ ವಿಷಯಕ್ಕೆ ಎರಡು ಮೂರು ತಿಂಗಳು ಬೇಕು. ಕ್ಯಾಲೆಂಡರಿನಲ್ಲಿ ಶುರು ಮಾಡಿದ ದಿನ ಗುರುತು ಹಾಕಿ. ನಮ್ಮ ಹಸು ಗೋಡೆ ಬಿಟ್ಟದ್ದು ತಿಂಗಳ ಮೇಲೆ. ಟವೆಲನ್ನು ಮಾತ್ರ ಈಗಲೂ ಅದರ ಕೈಗೆಟುಕದ ಕಡೆಯೇ ಒಣಗಿಸುತ್ತೇವೆ.